ಬಿಳಿ ಜಾಗ ಕ್ಲಿಯರ್ ಮಾಡಿದ್ದು

ಆ ಮುದುಕನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅವನಿಗೂ ನನ್ನನ್ನು ಕಂಡರೆ ಅಷ್ಟಕ್ಕಷ್ಟೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನಾನು ಮಾಡಿದ್ದನ್ನು ಓದಿ, ಪಾಪ, ತಿಳಿಯದೆ ಆಯಿತು ಎಂದು ನೀವು ನನ್ನ ಪರ ವಹಿಸಿಕೊಂಡುಬಿಡುತ್ತೀರಿ. ಅರ್ಧ ತಿಳಿಯದೆ ಆಯಿತು, ನಿಜ. ಇನ್ನರ್ಧ ತಿಳಿದೇ ಮಾಡಿದೆ.

ಗಾಲ್ವೇಯಲ್ಲಿ ನನಗೆ ಕೆಲಸ ಸಿಕ್ಕಾಗ ನನ್ನ ಗಂಡ ಡಬ್ಲಿನ್ನಿನ ಲೆಪರ್ಡ್ಸ್‌ಟೌನ್ ಕಡೆಯ ಒಂದು ಆಫೀಸಿನಲ್ಲಿದ್ದರು, ಮಗಳ ಶಾಲೆಯೂ ಅಲ್ಲೇ. ಇಲ್ಲಿಂದ ಅಲ್ಲಿಗೆ ಬಸ್ಸಿನಲ್ಲಿ ಎರಡೂವರೆ ಗಂಟೆಯ ದಾರಿ, ಮನೆ ಎತ್ತಿಕೊಂಡು ಬರುವ ಹಾಗೂ ಇರಲಿಲ್ಲ. ನನ್ನದು ಆಸ್ಪತ್ರೆ ಉಪಕರಣ ಮಾಡುವ ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ವಾರಕ್ಕೆ ಐದು ದಿನವೂ ಹೋಗಲೇಬೇಕು. ಸೋಮವಾರದಿಂದ ಶುಕ್ರವಾರದವರೆಗೆ ಒಂದು ರೂಮ್ ಸಾಕು ಎಂದುಕೊಂಡು ಹುಡುಕಲು ಹೊರಟೆ. ನೋಡಲು ಹೋದ ಕಡೆಯಲ್ಲೆಲ್ಲ ಬಾಗಿಲಿನಿಂದ ಗೇಟಿನ ತನಕ ಜನ. ಕೊನೆಗೆ ಸಿಕ್ಕಿದ್ದು ಈ ಪೋಲೆಂಡಿನ ಮುದುಕನ ಮನೆಯ ಹಿಂಬದಿ ರೂಮ್. ಮಾಲೀಕನೇ ವಾಸವಿರುವ ಮನೆಯಲ್ಲಿ ರೂಮ್ ಹಿಡಿದವರನ್ನು ಈ ದೇಶದ ಕಾನೂನು ಬಾಡಿಗೆದಾರರೆಂದು ಎಣಿಸುವುದಿಲ್ಲ. ಬೇಡವೆನಿಸಿದ ದಿನ ಹೊರಡು ಎನ್ನಬಹುದು, ಹೊರಡಬೇಕು. ಅದನ್ನು ಅವನು ಮೊದಲ ದಿನವೇ ಎರಡು ಸಲ ಹೇಳಿದ.

ಮನೆ ಅವನ ಹೆಂಡತಿಯದು. ಅವನು ಹಡಗಿನ ಮೆಕ್ಯಾನಿಕ್ ಆಗಿ ಬಂದವನು, ಇಲ್ಲಿಯ ಒಬ್ಬ ನರ್ಸನ್ನು ಮದುವೆಯಾಗಿ ಉಳಿದವನು. ಆಕೆ ತೀರಿಕೊಂಡ ಮೇಲೆ ಮನೆಯೆಲ್ಲ ನಿಯಮಗಳಿಂದ ತುಂಬಿಹೋಗಿತ್ತು. ಒಗ್ಗರಣೆ ಹಾಕಕೂಡದು, ವಾಸನೆ. ಸ್ನಾನಕ್ಕೆ ನೀರು ಕಾಯಿಸುವ ಸ್ವಿಚ್ಚಿಗೆ ಇಲ್ಲಿಯವರು ಇಮ್ಮರ್ಷನ್ ಎನ್ನುತ್ತಾರೆ, ಅದನ್ನು ಅರ್ಧ ಗಂಟೆಗಿಂತ ಹೆಚ್ಚು ಹಾಕಕೂಡದು. ಫ್ರಿಜ್ಜಿನಲ್ಲಿ ನನಗೆ ಒಂದೇ ಖಾನೆ. ಅಡುಗೆಮನೆಯ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಕೂಡದು, ಅದು ಆಕೆಯದು. ನಾನು ಸ್ನಾನಕ್ಕೆ ಹೋದರೆ ಮುದುಕ ಹೊರಗೆ ಪ್ಯಾಸೇಜಿನಲ್ಲಿ ನಿಂತು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಥೂ, ಎಂಥ ಬಾಳು ಇದು ಎಂದು ಒಳಗೆ ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಿದ್ದೆ.

ನನ್ನ ಹೆಸರು ಹೇಳಲು ಅವನು ಒಂದು ದಿನವೂ ಪ್ರಯತ್ನಿಸಲಿಲ್ಲ. 'ಇಂಡಿಯಾ' ಎಂದೇ ಕರೆಯುತ್ತಿದ್ದ. "ಇಂಡಿಯಾ, ಸಿಂಕ್‌ನಲ್ಲಿ ಹಳದಿ ಕಲೆ." ಅವನ ಕಣ್ಣಿನ ನಡುಭಾಗದ ದೃಷ್ಟಿ ಹೋಗಿತ್ತು. ಅಕ್ಷರ ಕಾಣದು, ಎದುರಿಗಿದ್ದವರ ಮುಖ ಕಾಣದು, ಆದರೆ ಕಣ್ಣಂಚಿನಲ್ಲಿ ಅರಿಶಿನದ ಕಲೆ ಮಾತ್ರ ಚೆನ್ನಾಗಿ ಕಾಣುತ್ತಿತ್ತು. ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲಿ, ಅದೂ ಇಬ್ಬರೂ ಕಲಿತ ಇಂಗ್ಲಿಷಿನಲ್ಲಿ. ಎದುರಿಗೆ ನಾನು ಬಹಳ ಮರ್ಯಾದೆಯಿಂದ ಮಾತಾಡುತ್ತಿದ್ದೆ. ರೂಮಿಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಕನ್ನಡದಲ್ಲಿ ಅವನ ಜನ್ಮ ಜಾಲಾಡುತ್ತಿದ್ದೆ.

ಒಂದು ಮಂಗಳವಾರ ಸಂಜೆ ಮುದುಕ ನನ್ನ ರೂಮಿನ ಬಾಗಿಲು ತಟ್ಟಿದ. ಕೈಯಲ್ಲಿ ಒಂದು ಬಿಸ್ಕತ್ ಡಬ್ಬಿ. ಇವನು ನನಗೆ ಬಿಸ್ಕತ್ ತಂದನೇ ಎಂದು ಒಂದು ಕ್ಷಣ ಗಾಬರಿಯಾಯಿತು. ಒಳಗೆ ಹಳೆಯ ಪತ್ರಿಕೆಗಳಿದ್ದವು, ಮಡಿಚಿದ ಕಡೆ ಹರಿಯಲು ಬಂದಿದ್ದವು.

"ನಿನ್ನ ಫೋನು ಕಾಗದ ನೋಡಿ ಓದುತ್ತಾ? ಪೋಲಿಷ್ ಓದುತ್ತಾ?" ಎಂದ.

"ಓದುತ್ತೆ," ಎಂದೆ. "ಯಾಕೆ?"

ಕೂತುಕೊಂಡು ಹೇಳಿದ. ಅವನ ಅಪ್ಪ ಆ ಕಾಲದ ಪೋಲೆಂಡಿನ ಪೂರ್ವದ ಗಡಿಸೀಮೆಯವರು. ಎರಡು ಮಹಾಯುದ್ಧಗಳ ನಡುವಿನ ದಿನಗಳು. ನೆಲವೆಲ್ಲ ಒಡೆಯರದು, ಉಳುಮೆಯೆಲ್ಲ ಇವರದು. ಒಡೆಯನನ್ನು ಪಾನ್ ಎಂದು ಕರೆಯಬೇಕು. ಈಗ ಪೋಲೆಂಡಿನಲ್ಲಿ ಬಸ್ ಡ್ರೈವರನ್ನೂ ಪಾನ್ ಎನ್ನುತ್ತಾರಂತೆ, ನಾವು ಎಲ್ಲರನ್ನೂ ಸ್ವಾಮಿ ಎನ್ನುವುದಿಲ್ಲವೇ ಹಾಗೆ. ಆಗ ಅದು ನಿಜವಾದ ಒಡೆಯನಿಗೇ ಮೀಸಲಾಗಿತ್ತು. ಆ ಜಿಲ್ಲೆಯಲ್ಲಿ ರೈತರ ಪಕ್ಷವೊಂದು ಹುಟ್ಟಿತು, ಪಕ್ಷಕ್ಕೊಂದು ವಾರಪತ್ರಿಕೆ, ನಾಲ್ಕು ಪುಟದ್ದು. ಅಪ್ಪ ಅದರಲ್ಲಿ ಬರೆಯುತ್ತಿದ್ದರು, ಊರೂರಿಗೆ ಹೊತ್ತುಕೊಂಡು ಹೋಗಿ ಮರದ ಕೆಳಗೆ ನಿಂತು ಓದಿ ಹೇಳುತ್ತಿದ್ದರು. ಯುದ್ಧ ಶುರುವಾದಾಗ ಯಾರೋ ಬಂದು ಕರೆದುಕೊಂಡು ಹೋದರು. ಇವನಿನ್ನೂ ತೊಟ್ಟಿಲಲ್ಲಿದ್ದ. ಅಪ್ಪ ಮತ್ತೆ ಬರಲಿಲ್ಲ.

"ಅಪ್ಪನ ದನಿ ನಾನು ಕೇಳಿಲ್ಲ," ಎಂದ. "ಈ ಡಬ್ಬಿ ಅತ್ತೆಯ ಮಗಳ ಅಟ್ಟದ ಮೇಲಿತ್ತು. ಅವಳು ಸತ್ತಳು, ನನಗೆ ಬಂತು. ಬಂದಾಗ ನನಗೆ ಕಣ್ಣಿಲ್ಲ."

ಇಲ್ಲಿ ಇಷ್ಟೊಂದು ಪೋಲಿಷ್ ಜನ ಇದ್ದಾರಲ್ಲ, ಅವರಲ್ಲಿ ಯಾರ ಹತ್ತಿರವಾದರೂ ಓದಿಸಬಾರದೇ ಎಂದು ಕೇಳಿದೆ. ಮುಖ ಸಿಂಡರಿಸಿದ. ಚರ್ಚಿನ ಹತ್ತಿರ ಒಬ್ಬ, ನಿಮ್ಮಪ್ಪ ರಷ್ಯನ್ನರ ಬಾಲ ಅಲ್ಲವೇ, ಪಾನ್‌ಗಳ ಮನೆ ಸುಡಿ ಎಂದು ಬರೆದವನಲ್ಲವೇ ಎಂದಿದ್ದನಂತೆ. ಅಂದಿನಿಂದ ಅವರ ಯಾರ ಜೊತೆಗೂ ಇವನಿಗೆ ಮಾತಿಲ್ಲ. ಅಪ್ಪ ಹಾಗೆ ಬರೆದಿರಲಿಲ್ಲ ಎಂದು ಅಮ್ಮ ಸಾಯುವ ತನಕ ಹೇಳಿದ್ದಳಂತೆ. ಹಾಗಾದರೆ ಏನು ಬರೆದಿದ್ದ? ಅದು ಅವನಿಗೆ ಬೇಕಾಗಿತ್ತು. ಸಾಯುವುದರೊಳಗೆ ಅದೊಂದು ಬೇಕು ಎಂದ.

ಕೇಳಿ ನನ್ನ ಮನಸ್ಸು ಕರಗಬೇಕಿತ್ತು. ಕರಗಲಿಲ್ಲ. ಒಡೆಯರ ವಿರುದ್ಧ ಪತ್ರಿಕೆ ಹೊತ್ತವರ ಮಗ ಈಗ ನನ್ನ ಸ್ನಾನದ ನೀರಿಗೆ ಕಾವಲು ನಿಲ್ಲುತ್ತಾನಲ್ಲ ಎನ್ನುವುದೇ ತಲೆಯಲ್ಲಿತ್ತು. ಬಾಯಿ ಸುಮ್ಮನಿರಲಿಲ್ಲ. "ಇಂಗ್ಲಿಷ್‌ನಲ್ಲಿ ಆ ಪಾನ್‌ಗಳಿಗೂ ಲ್ಯಾಂಡ್‌ಲಾರ್ಡ್ ಅಂತಾರೆ, ನಿಮಗೂ ಅದನ್ನೇ ಅಂತಾರೆ," ಎಂದುಬಿಟ್ಟೆ. ಅವನಿಗೆ ಸಿಟ್ಟು ನೆತ್ತಿಗೇರಿತು. ಅದು ಬೇರೆ, ಇದು ಬೇರೆ, ಇದು ನನ್ನ ಹೆಂಡತಿಯ ಮನೆ ಎಂದು ಡಬ್ಬಿ ಎತ್ತಿಕೊಂಡ. ನಾನೂ ಬಿಡಲಿಲ್ಲ. "ಓದಿಸಿ ಕೊಡ್ತೀನಿ. ಆದರೆ ನಾನು ಒಗ್ಗರಣೆ ಹಾಕಬೇಕು." ಅವನು ಡಬ್ಬಿಯನ್ನು ಮತ್ತೆ ಕೆಳಗಿಟ್ಟ. "ಗುರುವಾರ ಮಾತ್ರ. ಕಿಟಕಿ ತೆಗೆದು," ಎಂದ.

ಪತ್ರಿಕೆಯನ್ನು ಮೇಜಿನ ಮೇಲೆ ಹರಡಿದಾಗ ಪುಟದ ನಡುವೆ ಅಲ್ಲಲ್ಲಿ ದೊಡ್ಡ ಬಿಳಿ ಜಾಗಗಳು ಕಂಡವು. ಕಾಲಮ್ಮಿನ ಮೇಲೆ ತಲೆಬರಹವಿದೆ, ಕೆಳಗೆ ಏನೂ ಇಲ್ಲ. ಅದೇನೆಂದು ಕೇಳಿದೆ. ಜಿಲ್ಲೆಯ ಅಧಿಕಾರಿ ಮೊದಲ ಪ್ರತಿಯನ್ನು ಓದಿ, ಆಗದ್ದನ್ನು ತೆಗೆಸುತ್ತಿದ್ದನಂತೆ. ಅಚ್ಚಿನ ಮೊಳೆಗಳನ್ನು ಕಿತ್ತ ಜಾಗಕ್ಕೆ ಬೇರೆ ಸುದ್ದಿ ತುಂಬಲು ಇವರು ಒಪ್ಪುತ್ತಿರಲಿಲ್ಲ. ಬೆಳ್ಳಗೇ ಬಿಟ್ಟು ಮುದ್ರಿಸುತ್ತಿದ್ದರು. ಬಾಯಿ ಮುಚ್ಚಿಸಿದ್ದಾರೆ ಎನ್ನುವುದು ಓದು ಬಾರದವನಿಗೂ ಕಾಣಲಿ ಎಂದು. "ಬಿಳಿ ಜಾಗವೇ ಎಲ್ಲಕ್ಕಿಂತ ಮುಖ್ಯ," ಎಂದ ಮುದುಕ. ಭಲೇ ಎನಿಸಿತು. ಆ ಮನೆಗೆ ಬಂದ ಮೇಲೆ ಮೊದಲ ಸಲ ನನಗೆ ಏನೋ ಒಂದು ಇಷ್ಟವಾಯಿತು.

ಆಮೇಲೆ ಅವನು ಹೇಳಿದ್ದನ್ನು ಒಂದಕ್ಷರ ಬಿಡದೆ ನೆನಪಿಟ್ಟಿದ್ದೇನೆ. "ಬಿಳಿ ಜಾಗದಲ್ಲಿ ಪೆನ್ಸಿಲ್ ಇದೆ. ಮೊದಲು ಅದನ್ನು ಕ್ಲಿಯರ್ ಮಾಡು. ನನಗೆ ಅದು ಕ್ಲಿಯರ್ ಬೇಕು. ಬಾಕಿದ್ದು ಆಮೇಲೆ."

ನೋಡಿದೆ. ನಿಜ, ಬಿಳಿ ಜಾಗದ ತುಂಬ ಸಣ್ಣಗೆ, ಮಸುಕಾಗಿ ಪೆನ್ಸಿಲ್ ಗೀಚಿತ್ತು. ಅಟ್ಟದ ಮೇಲೆ ಬಿದ್ದಿದ್ದ ಕಾಗದ, ಯಾರೋ ಏನೋ ಗೀಚಿದ್ದಾರೆ ಎಂದುಕೊಂಡೆ. ಅಷ್ಟು ಕಷ್ಟಪಟ್ಟು ಬೆಳ್ಳಗೆ ಬಿಟ್ಟ ಜಾಗದ ಮೇಲೆ ಗೀಚಲು ಕೈಯಾದರೂ ಹೇಗೆ ಬಂತು ಎಂದು ಹೊಟ್ಟೆ ಉರಿಯಿತು. "ಕ್ಲಿಯರ್ ಮಾಡ್ತೀನಿ," ಎಂದೆ.

ನಮ್ಮ ಕಡೆ ಕ್ಲಿಯರ್ ಮಾಡುವುದೆಂದರೆ ಇನ್ನೇನು? ಊಟವಾದ ಮೇಲೆ ಟೇಬಲ್ ಕ್ಲಿಯರ್ ಮಾಡುತ್ತೇವೆ. ಅಂಗಡಿಯವನು ಸ್ಟಾಕ್ ಕ್ಲಿಯರ್ ಮಾಡುತ್ತಾನೆ. ನೆಂಟರು ಹೊರಟ ಮೇಲೆ, ಅಬ್ಬ, ಮನೆ ಕ್ಲಿಯರ್ ಆಯ್ತು ಎನ್ನುತ್ತೇವೆ. ನಾನು ಹುಟ್ಟಿದ ಲಾಗಾಯ್ತು ಕ್ಲಿಯರ್ ಮಾಡು ಎನ್ನುವ ಮಾತಿಗೆ ಖಾಲಿ ಮಾಡು ಎನ್ನುವುದನ್ನು ಬಿಟ್ಟು ಬೇರೆ ಅರ್ಥ ನನಗೆ ಹೊಳೆದದ್ದೇ ಇಲ್ಲ. ಅವನು ಕೇಳಿದ್ದು ಸ್ಪಷ್ಟ ಮಾಡು ಎಂದು. ಒಂದೇ ಇಂಗ್ಲಿಷ್ ಪದ, ಪೋಲೆಂಡಿನಿಂದ ಹೊರಟವನೊಬ್ಬ, ಮೈಸೂರಿನಿಂದ ಹೊರಟವಳೊಬ್ಬಳು.

ಕೆಲಸಕ್ಕೆ ಕೂತೆ. ಫೋಟೋ ತೆಗೆದು ಫೋನಿನಲ್ಲೇ ಅಳಿಸಬಹುದಿತ್ತಲ್ಲ, ಕಾಗದವನ್ನೇಕೆ ಮುಟ್ಟಿದೆ ಎಂದು ನೀವು ಕೇಳಬಹುದು. ನನ್ನ ಗಂಡನೂ ಅದನ್ನೇ ಕೇಳಿದರು. ಏನು ಹೇಳಲಿ? ಪ್ರತಿ ವರ್ಷ ಪರೀಕ್ಷೆ ಮುಗಿದ ಮೇಲೆ ಮೇಲಿನ ಕ್ಲಾಸಿನವರ ಪಠ್ಯಪುಸ್ತಕ ಅರ್ಧ ಬೆಲೆಗೆ ಕೊಂಡು, ಅವರು ಪೆನ್ಸಿಲಿನಲ್ಲಿ ತುಂಬಿದ್ದ ಉತ್ತರಗಳನ್ನೆಲ್ಲ ರಬ್ಬರಿನಿಂದ ಒರೆಸಿ, ಬೈಂಡ್ ಹಾಕಿಕೊಂಡು ಓದಿದವಳು ನಾನು. ಅಕ್ಕತಂಗಿಯರಲ್ಲಿ ನನ್ನ ಕೈಯೇ ಹಗುರ. ಕಾಗದದ ನವಿರು ಏಳದ ಹಾಗೆ, ಒಂದೇ ದಿಕ್ಕಿಗೆ, ಉಸಿರು ಬಿಗಿಹಿಡಿದು ಒರೆಸಬೇಕು. ಪುಸ್ತಕ ಅಂದರೆ ಹಾಗೆ ಚೊಕ್ಕಟವಾಗಿರಬೇಕು ಎನ್ನುವುದು ರಕ್ತದಲ್ಲೇ ಇತ್ತು. ಆಫೀಸಿನ ಹತ್ತಿರದ ಅಂಗಡಿಯಿಂದ ಒಳ್ಳೆಯ ಮೆತ್ತನೆಯ ರಬ್ಬರ್ ತಂದೆ. ಆರು ಸಂಜೆ ಹಿಡಿಯಿತು. ಹನ್ನೊಂದು ಸಂಚಿಕೆ, ಒಂದೊಂದರಲ್ಲೂ ಒಂದೋ ಎರಡೋ ಬಿಳಿ ಜಾಗ. ಎಲ್ಲ ಕೊಕ್ಕರೆಯ ರೆಕ್ಕೆಯ ಹಾಗೆ ಬೆಳ್ಳಗಾದವು. ರಬ್ಬರಿನ ಪುಡಿಯನ್ನು ಕೂಡ ಊದಲಿಲ್ಲ, ಮೇಕಪ್ ಬ್ರಷ್ಷಿನಿಂದ ಗುಡಿಸಿದೆ. ಒಗ್ಗರಣೆಯ ಋಣ ತೀರಿಸಿದೆ ಎಂದು ಹೆಮ್ಮೆಯಾಯಿತು.

ಏಳನೆಯ ಸಂಜೆ ಅಡುಗೆಮನೆಯಲ್ಲಿ ಕೂತು ಫೋನಿನಿಂದ ಓದಿಸಲು ಶುರುಮಾಡಿದೆ. ಫೋನಿನೊಳಗಿನ ಹೆಂಗಸು ಪೋಲಿಷಿನಲ್ಲಿ ಗಡಗಡ ಓದಿದಳು. ಮುದುಕ ತಲೆದೂಗುತ್ತ ನನಗೆ ತುಣುಕು ತುಣುಕು ಹೇಳಿದ. ಬೆಣ್ಣೆ ಸಹಕಾರ ಸಂಘದ ಸಭೆಯಂತೆ. ಯಾರದೋ ಕಂದು ಕುದುರೆ ಕಳೆದಿದೆಯಂತೆ, ಎಡಗಿವಿ ಹರಿದದ್ದು. ಊರ ಓದುಗನೊಬ್ಬ, ನಮ್ಮೂರ ಶಾಲೆಗೆ ಛಾವಣಿ ಇಲ್ಲ, ಪಾನ್‌ನ ನಾಯಿಮನೆಗೆ ಇದೆ ಎಂದು ಬರೆದಿದ್ದನಂತೆ. ಮುದುಕ ನಕ್ಕ. ಅವನ ಹಲ್ಲುಗಳನ್ನು ನಾನು ಅಂದೇ ಮೊದಲು ನೋಡಿದ್ದು.

"ಇದೆಲ್ಲ ಇರಲಿ," ಎಂದ. "ಈಗ ಬಿಳಿ ಜಾಗ."

"ಅದು ಕ್ಲಿಯರ್ ಆಗಿದೆ," ಎಂದೆ.

"ಓದು."

"ಏನು ಓದಲಿ? ಕ್ಲಿಯರ್ ಮಾಡಿದ್ದೀನಲ್ಲ."

"ಹಾಂ, ಕ್ಲಿಯರ್ ಆಗಿದ್ದರೆ ಓದು. ಅಪ್ಪನ ಕೈಬರಹ. ಅಧಿಕಾರಿ ಕಿತ್ತು ಹಾಕಿದ್ದನ್ನೆಲ್ಲ ಅಪ್ಪ ಮನೆಗೆ ಬಂದು ಪೆನ್ಸಿಲಿನಲ್ಲಿ ಅದೇ ಜಾಗಕ್ಕೆ ತುಂಬುತ್ತಿದ್ದ. ಅಮ್ಮ ಹೇಳಿದ್ದಳು. ಪೋಲಿಷ್ ಅಲ್ಲ, ನಮ್ಮೂರ ಭಾಷೆ. ಅದಕ್ಕೆ ಹೆಸರೂ ಇರಲಿಲ್ಲ. ಸರ್ಕಾರದವರು ಬಂದು ನಿಮ್ಮ ಭಾಷೆ ಯಾವುದು ಅಂದರೆ 'ಇಲ್ಲಿಯದು' ಅನ್ನುತ್ತಿದ್ದರು. ನಿನ್ನ ಮೆಷಿನ್ನಿನ ಹತ್ತಿರ ಅದಕ್ಕೆ ದನಿ ಇರಲಿಕ್ಕಿಲ್ಲ. ಇಂಗ್ಲಿಷ್ ಮಾಡಿಯಾದರೂ ಓದು."

ಅಯ್ಯೋ ದೇವರೇ. ಹನ್ನೊಂದು ಸಂಚಿಕೆಯೂ ಮೇಜಿನ ಮೇಲೆ ಬೆಳ್ಳಗೆ ಬಿದ್ದಿದ್ದವು. ಎದುರಿಗೆ ಅವನು ಕಿವಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡು ಕೂತಿದ್ದ.

"ಕೈಬರಹ ಓದೋಕೆ ಮೆಷಿನ್‌ಗೆ ಟೈಮ್ ಬೇಕು. ನಾಳೆ," ಎಂದು ಎದ್ದುಬಿಟ್ಟೆ.

ರೂಮಿಗೆ ಬಂದು ಫೋನಿನ ಟಾರ್ಚನ್ನು ಅಡ್ಡಡ್ಡ ಹಿಡಿದು ನೋಡಿದೆ. ಒತ್ತಿ ಬರೆದಿದ್ದರೆ ಗುರುತಾದರೂ ಉಳಿದಿರುತ್ತಿತ್ತು. ಆ ಮನುಷ್ಯನ ಕೈ ಹಗುರ, ನನ್ನದು ಇನ್ನೂ ಹಗುರ. ಎರಡು ಮೂರು ಕಡೆ ಒಂದೊಂದು ಗೆರೆ ಬಿಟ್ಟರೆ ಏನೂ ಇಲ್ಲ. ಗಂಡನಿಗೆ ಫೋನ್ ಮಾಡಿದೆ.

"ಏನ್ ಮಾಡ್ಬಿಟ್ಟೆ ಕಣೇ!" ಎಂದರು. ಆಮೇಲೆ ನಗು ಬಂತು ಅವರಿಗೆ. "ನಿಂಗೆ ಯಾರ್ ಹೇಳಿದ್ರು ಒರೆಸು ಅಂತ?"

"ಅವನೇ ರೀ! ಕ್ಲಿಯರ್ ಮಾಡು ಅಂದ. ನೀವ್ ಏನ್ ಮಾಡ್ತಿದ್ರಿ ಹೇಳಿ?"

ನಗು ನಿಂತಿತು. "ಸುಮ್ನೆ ಇದ್ಬಿಡು. ಮುದುಕನಿಗೆ ಕಾಣಲ್ಲ ತಾನೇ? ಮೆಷಿನ್ ಓದ್ಲಿಲ್ಲ ಅಂತ ಹೇಳು. ನಿಜ ಹೇಳಿದ್ರೆ ರೂಮ್ ಹೋಗುತ್ತೆ, ರೂಮ್ ಹೋದ್ರೆ ಕೆಲ್ಸ ಮಾಡೋದ್ ಹೇಗೆ?"

ಹಿಂದಿನಿಂದ ಮಗಳ ದನಿ ಕೇಳಿಸಿತು, ಇಲ್ಲೇ ಹುಟ್ಟಿದ ಮಕ್ಕಳ ಧಾಟಿಯಲ್ಲಿ. "ಜಸ್ಟ್ ಸೇ ಸಾರಿ ಅಮ್ಮಾ. ಹೀ ವಿಲ್ ಬಿ ಗ್ರ್ಯಾಂಡ್." ಪರವಾಗಿಲ್ಲ ಎನ್ನಲು ಎಲ್ಲದಕ್ಕೂ ಗ್ರ್ಯಾಂಡ್ ಈ ದೇಶದಲ್ಲಿ. ಕಾಲು ಮುರಿದರೂ ಗ್ರ್ಯಾಂಡ್.

ಮರುದಿನ ಹೇಳಿಬಿಡಬೇಕು ಎಂದೇ ಬಂದೆ, ಆಣೆ ಮಾಡಿ ಹೇಳುತ್ತೇನೆ. ಮುದುಕ ಗಡ್ಡ ಬೋಳಿಸಿಕೊಂಡು, ಕೋಟು ಹಾಕಿಕೊಂಡು, ಟೈ ಕಟ್ಟಿಕೊಂಡು ಮೇಜಿನ ಮುಂದೆ ಕೂತಿದ್ದ. ಅಪ್ಪನನ್ನು ಕಾಣಲು ಸಿದ್ಧವಾದ ಹಾಗಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಅವನು ಹೇಳಿದ, "ಇಂಡಿಯಾ, ಬಚ್ಚಲಿನ ತೂತಿನಲ್ಲಿ ನಿನ್ನ ಕೂದಲು. ನಿಮ್ಮಲ್ಲಿ ಹೀಗೇನಾ? ಮೊದಲು ಹೋಗಿ ಅದನ್ನು ತೆಗೆದು ಬಾ."

ತೆಗೆದು ಬಂದೆ. ಕೈ ತೊಳೆದುಕೊಂಡೆ. ಕೂತೆ. ಮೈಯೆಲ್ಲ ಉರಿಯುತ್ತಿತ್ತು. ಫೋನನ್ನು ಮುಖದ ಮುಂದೆ ಹಿಡಿದು, ಕಪ್ಪು ಪರದೆಯನ್ನು ನೋಡುತ್ತ, ಮೆಷಿನ್ ಇಂಗ್ಲಿಷ್ ಮಾಡಿದ್ದನ್ನು ಓದುವವಳ ಹಾಗೆ ಓದಿದೆ.

"ನಮ್ಮೂರಿನ ಪಾನ್ ಬಾಗಿಲ ಹಿಂದೆ ನಿಲ್ಲುತ್ತಾನೆ. ನಮ್ಮ ಹೆಂಗಸರು ಎಷ್ಟು ನೀರು ಸೇದಿದರು ಎಂದು ಕಿವಿಯಲ್ಲೇ ಅಳೆಯುತ್ತಾನೆ. ನಮ್ಮ ಗಡಿಗೆಯಲ್ಲಿ ಏನು ಬೇಯುತ್ತಿದೆ ಎಂದು ಮೂಸುತ್ತಾನೆ, ಮೂಸಿ ಮೂಗು ಮುರಿಯುತ್ತಾನೆ. ನಮಗೆ ಹೆಸರಿದೆ. ಅವನ ಬಾಯಿಗೆ ಅದು ಬರುವುದಿಲ್ಲ. ಇವತ್ತು ಇರು ಎನ್ನುತ್ತಾನೆ, ನಾಳೆ ಹೊರಡು ಎನ್ನುತ್ತಾನೆ, ಎರಡನ್ನೂ ಒಂದೇ ದನಿಯಲ್ಲಿ. ಅವನ ಮನೆಯಲ್ಲಿ ಖಾಲಿ ಕುರ್ಚಿಗಿರುವ ಮರ್ಯಾದೆ ಬದುಕಿರುವ ಮನುಷ್ಯರಿಗಿಲ್ಲ."

ನಿಲ್ಲಿಸಿದೆ. ಈಗ ಎದ್ದು ಹೊಡೆಯುತ್ತಾನೆ ಎಂದುಕೊಂಡೆ. ಮುದುಕ ಮೇಜನ್ನು ಅಂಗೈಯಿಂದ ಬಡಿದ. ಕಣ್ಣಿನಲ್ಲಿ ನೀರು ಇಳಿಯುತ್ತಿತ್ತು. "ಇದೇ! ಇದೇ ನನ್ನಪ್ಪ! ನೋಡು, ಮನೆ ಸುಡು ಅಂತ ಎಲ್ಲಿದೆ? ಎಲ್ಲಿದೆ ಹೇಳು! ಎಷ್ಟು ನೇರ, ಎಷ್ಟು ಸತ್ಯ! ಎಂಥ ನೀಚ ಆ ಪಾನ್!"

"ಹೂಂ, ನೀಚ," ಎಂದೆ.

ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಯಿತು. ಅವನನ್ನು ಅವನೆದುರಿಗೇ ಬೈದು, ಅವನ ಕೈಯಲ್ಲೇ ಶಭಾಷ್ ಎನಿಸಿಕೊಳ್ಳುವ ಸುಖ ಎಷ್ಟು ಜನರಿಗೆ ಸಿಗುತ್ತದೆ? ಆಮೇಲೆ ಅದು ಚಟವಾಯಿತು. ವಾರಕ್ಕೆರಡು ಸಂಜೆ ಒಂದೊಂದು ಬಿಳಿ ಜಾಗ. ಆಫೀಸಿನಿಂದ ಬರುವ ಬಸ್ಸಿನಲ್ಲಿ ಕೂತು ಅಂದಿನ ಕಾಲಮ್ ಕಟ್ಟುತ್ತಿದ್ದೆ. ಬಚ್ಚಲಿನ ಕೂದಲನ್ನು ಕೊಟ್ಟಿಗೆಯ ಕಸ ಮಾಡಿದೆ, ಫ್ರಿಜ್ಜಿನ ಖಾನೆಯನ್ನು ಕಣಜದ ಮೂಲೆ ಮಾಡಿದೆ. ಓದಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಇಂಗ್ಲಿಷಿನಲ್ಲಿ ಬರೆದಿಡು ಎಂದು ಅವನೇ ಹೇಳಿದ, ಬರೆದಿಟ್ಟೆ. ಅವನು ಪ್ರತಿ ಸಲ ಅತ್ತ. ಅತ್ತು, ಮೂಗು ಒರೆಸಿಕೊಂಡು, ಅದೇ ಉಸಿರಿನಲ್ಲಿ "ಇಂಡಿಯಾ, ಇಮ್ಮರ್ಷನ್ ಆರಿಸಿದೆಯಾ?" ಎನ್ನುತ್ತಿದ್ದ. ಒಂದು ದಿನವಾದರೂ, ಒಂದೇ ಒಂದು ದಿನವಾದರೂ ಆ ಪಾನ್ ಯಾರೆಂದು ಅವನಿಗೆ ಹೊಳೆಯುತ್ತದೆಯೇ ಎಂದು ನೋಡುತ್ತಿದ್ದೆ. ಊಹೂಂ. ಅದಕ್ಕೇ ಮುಂದಿನ ಸಲ ಇನ್ನೂ ಖಾರವಾಗಿ ಬರೆಯುತ್ತಿದ್ದೆ.

ಹೀಗೇ ನಡೆಯುತ್ತಿತ್ತೋ ಏನೋ. ಒಂದು ಬುಧವಾರ ಮನೆಗೆ ಬಂದಾಗ ಬಾಗಿಲಲ್ಲೇ ಕಾದಿದ್ದ. ಯೂನಿವರ್ಸಿಟಿಯಲ್ಲಿ ಯಾರ ಜೊತೆಗೋ ಮಾತಾಡಿದ್ದನಂತೆ, ನಾಳೆ ಮಧ್ಯಾಹ್ನ ಒಬ್ಬ ಹೆಂಗಸು ಬರುತ್ತಾಳಂತೆ. ಪತ್ರಿಕೆಗಳನ್ನು ತೆಗೆದುಕೊಂಡು ಹೋಗಿ ಜೋಪಾನವಾಗಿ ಇಡುತ್ತಾರಂತೆ. ನನ್ನ ನೋಟ್‌ಬುಕ್ಕನ್ನು ಟೈಪ್ ಮಾಡಿಸಿ, ಅಪ್ಪನ ಹೆಸರಿನ ಕೆಳಗೆ ಜೊತೆಗಿಡುತ್ತಾರಂತೆ. "ಅಪ್ಪ ಏನು ಬರೆದ ಅಂತ ಇನ್ನು ಯಾರು ಬೇಕಾದರೂ ಹೋಗಿ ಓದಬಹುದು. ಚರ್ಚಿನವನೂ ಓದಲಿ," ಎಂದ. ಎಂದೂ ಇಲ್ಲದವನು ನನಗೊಂದು ಕಪ್ ಟೀ ಮಾಡಿ ತಂದಿಟ್ಟ. ಮತ್ತೆ ಹೇಳಿದ, "ನೀನು ಒಳ್ಳೆಯ ಕೆಲಸ ಮಾಡಿದೆ."

ಕಪ್ಪನ್ನು ಪಕ್ಕಕ್ಕೆ ಸರಿಸಿದೆ. ನಾಳೆ ಬರುವವಳಿಗೆ ಕಣ್ಣಿದೆ. ಪುಟ ಬಿಡಿಸಿದೊಡನೆ ಬಿಳಿ ಜಾಗ ಬಿಳಿಯಾಗಿಯೇ ಇರುವುದು ಕಾಣುತ್ತದೆ. ಅವಳು ನೋಡದೆ ಹೋದರೆ ಅದಕ್ಕಿಂತ ಕೆಟ್ಟದ್ದು. ಸತ್ತ ಒಬ್ಬ ಮನುಷ್ಯನ ಹೆಸರಿನ ಕೆಳಗೆ ನನ್ನ ಇಮ್ಮರ್ಷನ್ ಜಗಳ ಹೋಗಿ ಕೂರುತ್ತದೆ, ಅವನ ಮಗ ಅದನ್ನು ನಂಬಿಕೊಂಡು ಸಾಯುತ್ತಾನೆ. ನಾನು ತಿಳಿಯದೆ ಒರೆಸಿದ್ದು, ಮುದುಕನ ಮೇಲಿನ ಸಿಟ್ಟಿಗೆ ಬರೆದದ್ದು, ಎರಡೂ ಬಿದ್ದದ್ದು ಆ ಅಪ್ಪನ ಮೇಲೆ. ಆ ಮನುಷ್ಯ ನನಗೇನು ಮಾಡಿದ್ದ? ನಾಚಿಕೆಯಿಂದ ಕುಗ್ಗಿಹೋದೆ.

"ಕೂತ್ಕೊಳ್ಳಿ," ಎಂದೆ. "ಒಂದು ವಿಷಯ ಹೇಳಬೇಕು."

ಹೇಳಿದೆ. ಕ್ಲಿಯರ್ ಎಂದರೆ ನಮ್ಮಲ್ಲಿ ಏನು ಎನ್ನುವುದನ್ನು ಹೇಳಿದೆ, ರಬ್ಬರಿನ ವಿಷಯ ಹೇಳಿದೆ, ಆರು ಸಂಜೆಯದನ್ನು ಹೇಳಿದೆ. ಅವನು ಅರ್ಥವಾಗದವನ ಹಾಗೆ ಕೂತಿದ್ದ. ಆಮೇಲೆ ಕೈ ಚಾಚಿದ. ಒಂದು ಸಂಚಿಕೆ ತೆಗೆದು ಕೊಟ್ಟೆ. ಬೆರಳಿನಿಂದ ತಡವುತ್ತ ತಡವುತ್ತ ಬಿಳಿ ಜಾಗವನ್ನು ಹುಡುಕಿಕೊಂಡ. ಹೆಬ್ಬೆರಳಿನಿಂದ ಮೇಲಿಂದ ಕೆಳಗೆ ನಿಧಾನವಾಗಿ ಸವರಿದ.

"ಎಲ್ಲಾ?" ಎಂದ.

"ಎಲ್ಲಾ."

"ಹಾಗಾದರೆ ನೀನು ಓದಿದ್ದು?"

"ಅದು ನಿಮ್ಮಪ್ಪ ಬರೆದದ್ದಲ್ಲ. ನಾನೇ ಬರೆದದ್ದು." ಇಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ನಿಮ್ಮ ಬಗ್ಗೆ ಬರೆದದ್ದು."

ಮುದುಕ ಕೇಳಿದ, "ಬಾಗಿಲ ಹಿಂದೆ ನಿಲ್ಲುವವನು?"

"ನೀವು."

"ಗಡಿಗೆ ಮೂಸುವವನು?"

"ನೀವೇ."

"ಕುರ್ಚಿ?" ಎಂದ. ಕಿಟಕಿಯ ಕಡೆಗೆ ತಲೆ ತಿರುಗಿಸಲಿಲ್ಲ. "ಅದೂ?"

ಇಲ್ಲ ಎಂದುಬಿಡೋಣ ಎನಿಸಿತು. "ಅದೂ," ಎಂದೆ.

ಹೊರಗೆ ಪಕ್ಕದ ಮನೆಯವರು ಕಸದ ಡಬ್ಬಿಯನ್ನು ಎಳೆದುಕೊಂಡು ಹೋಗುವ ಸದ್ದಾಯಿತು. ಅವನು ಪತ್ರಿಕೆಯನ್ನು ಮೊದಲಿನ ಮಡಿಕೆಯಲ್ಲೇ ಮಡಿಚಿ ಪಕ್ಕಕ್ಕಿಟ್ಟ.

"ಆ ಪಾನ್‌ನನ್ನು ನಾನು ಎಷ್ಟು ದ್ವೇಷಿಸಿದೆ ಗೊತ್ತಾ?" ಎಂದ. ಸಿಟ್ಟಿರಲಿಲ್ಲ ದನಿಯಲ್ಲಿ. ಸಿಟ್ಟಿದ್ದರೆ ನನಗೆ ಸಲೀಸಾಗುತ್ತಿತ್ತು. "ಶುಕ್ರವಾರ ಹೊರಡು. ಸಾಮಾನು ಎಲ್ಲ ತೆಗೆದುಕೊಂಡು ಹೋಗು, ಸೋಮವಾರ ಬರಬೇಡ."

"ಆಯ್ತು," ಎಂದು ಎದ್ದೆ.

"ಕೂತ್ಕೋ. ನೋಟ್‌ಬುಕ್ ತೆಗಿ. ಮೊದಲನೆಯದು ಓದು."

"ಯಾಕೆ? ಅದು ಸುಳ್ಳು ಅಂತ ಹೇಳಿದೆನಲ್ಲ."

"ನನ್ನ ಬಗ್ಗೆ ಅಂದೆ. ಸುಳ್ಳು ಅಂತ ಹೇಳಲಿಲ್ಲ. ಓದು."

ನೋಟ್‌ಬುಕ್ ತೆರೆದೆ. "ನಮ್ಮೂರಿನ ಪಾನ್..." ಎಂದು ಶುರುಮಾಡಿದೆ.

"ಪಾನ್ ಅಲ್ಲ," ಎಂದು ತಡೆದ. "ಇಲ್ಲಿ ಪಾನ್ ಯಾರೂ ಇಲ್ಲ, ನನ್ನಪ್ಪನೂ ಇಲ್ಲ. ನಾನಿದ್ದೇನೆ, ನೀನಿದ್ದೀಯ. ನನ್ನ ಮುಖಕ್ಕೆ ಹೇಳು."

"ನೀವು," ಎಂದೆ. "ನೀವು ಬಾಗಿಲ ಹಿಂದೆ..."

ಮುಂದಿನ ಪದ ಕಣ್ಣೆದುರಿಗೇ ಇತ್ತು, ನನ್ನದೇ ಅಕ್ಷರ, ದುಂಡಗೆ. ನನಗೆ ಕಣ್ಣೂ ಇತ್ತು. ಇಷ್ಟು ವಾರ ಗಂಟೆ ಹೊಡೆದ ಹಾಗೆ ಓದಿದ್ದ ಬಾಯಿಂದ ಈಗ ಅದು ಹೊರಡಲಿಲ್ಲ. ಇನ್ನೊಂದು ಸಲ ಪ್ರಯತ್ನಿಸಿದೆ, "ನೀವು" ಎನ್ನುವಲ್ಲಿಗೇ ನಿಂತಿತು. ಅವನು ಕಿವಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡು, ಕೈ ಕಟ್ಟಿಕೊಂಡು ಕಾದ. ನಿಜವಾಗಿಯೂ ಕಾದ. ನಾನು ನೋಟ್‌ಬುಕ್ ಮುಚ್ಚಿದ ಸದ್ದು ಕೇಳಿಸಿದ ಮೇಲೆ ಎದ್ದ.

"ನನ್ನಪ್ಪ ಆಗಿದ್ದರೆ ಓದುತ್ತಿದ್ದ," ಎಂದ.